ಎಲೆ ಕೇಳಬ್ಯಾಡ

ಎಲೆ ಕೇಳಬ್ಯಾಡ, ತಿಪ್ಪೇಶಿ.
ನಮ್ಮ ಅಂಗಳಕ್ಕೆ ಬರೋ ಹೊತ್ತಿಗೆ
ಯಾವ ಮರಕ್ಕೂ ಎಲೆ ಇರಲ್ಲ,
ಹೂವಿಲ್ಲ, ಹಕ್ಕಿಯಿಲ್ಲ, ಊರಿನ ಹೆಸರೂ ಇಲ್ಲ.
ಹೊಳಲ್ಕೆರೆ ರಸ್ತೆಯ ಸಾಮಿಲ್ಲಿನಿಂದ
ತಳ್ಳುಗಾಡಿ ಮ್ಯಾಲೆ ಅಂಗಾತ ಮಲಗಿ ಬರ್ತಾವೆ,
ದೊಡ್ಡಾಸ್ಪತ್ರೆಗೆ ಹೊಂಟೋರ ಹಂಗೆ.
ಉಳಿದಿರೋದು ಮೈಮ್ಯಾಲಿನ ಅಂಗಿ ಒಂದೇ.
ಅದನ್ನ ಓದು.

ಉದ್ದುದ್ದ ಸೀಳು, ಸೀಳಿನೊಳಗೆ ಹೆಪ್ಪುಗಟ್ಟಿದ ಅಂಟು,
ಬೇವು. ಕಡೆಯುವಾಗ ಬಾಯಿ ಮುಚ್ಕೊ,
ಇಲ್ಲಾಂದ್ರೆ ಸಂಜೆ ಚಾನೂ ಕಹಿ.
ಕರ್ರಗೆ, ಒಣಗಿದ ಕೆರೆಯಂಗಳದ ಹಂಗೆ ಚೌಕ ಚೌಕ ಒಡೆದಿದ್ರೆ
ಹುಣಸೆ. ಸುತ್ತಲೂ ಬಿಳುಪು, ಎದೆ ಮಾತ್ರ ನೇರಳೆ.
ಆ ಎದೆ ಅಂಗೈ ಅಗಲ ಇದ್ರೆ ತಗೋ,
ಸಣ್ಣದಿದ್ರೆ ಒಲೆಯೋರಿಗೆ ಬಿಡು.
ಹುರಗಲು ಬೆಂಡಿನ ಹಂಗೆ, ಉಗುರು ಒತ್ತಿದ್ರೆ ತಗ್ಗು.
ಕಡೆದ್ರೆ ರೇಷ್ಮೆ, ಆದ್ರೆ ಅದರ ಹೊಟ್ಟು
ಮೊಣಕೈ ತನಕ ತುರಿಸ್ತೈತೆ.
ಮದುವೆ ಹತ್ರ ಇದ್ದಾಗ ಮುಟ್ಟಬ್ಯಾಡ.
ಕಮರ ಬಂದ್ರೆ ನನ್ನ ಕರಿ,
ಉಳಿಗೆ ಸಾಣೆ ಹಿಡಿಯೋದ್ರಲ್ಲೇ ದಿನ ಮುಗೀತೈತೆ.

ಹಾಲೆ ಒಂದೇ ನನಗೆ ಸಸಾರ.
ತೆಳ್ಳನೆ ಸಿಪ್ಪೆ, ಬೂದಿ ಬಣ್ಣ, ಹಸೀದು ಕೆರೆದ್ರೆ ಹಾಲು.
ಒಣಗಿಸಿ ಕಡೆದ ಮ್ಯಾಲೆ ದಂತ ಅಂದ್ಕೊಂಡು
ಕೊಂಡೋರೂ ಅದಾರೆ.
ನಾನು ತಿದ್ದಿಲ್ಲ.

ಆಮೇಲೆ ಬಡಿ. ಉಳಿಯ ಹಿಡಿಯಿಂದ, ಮೆತ್ತಗೆ,
ಗುರುತಿಲ್ಲದೋರ ಬಾಗಿಲು ಬಡಿಯೋ ಹಂಗೆ.
ಟಣ್ ಅಂದ್ರೆ ಮನೆ ಗಟ್ಟಿ.
ಬದ್ ಅಂದ್ರೆ
ಹುಳ ಬಾಡಿಗೆಗೆ ಬಂದು ಬಾಳ ದಿನ ಆಗೈತೆ.
ಕೊಯ್ದ ಮುಖಕ್ಕೆ ಉಗುಳು ಹಚ್ಚು, ನಾಚಬ್ಯಾಡ,
ಒದ್ದೆಯಾದ್ರೆ ವರ್ಷದ ಬಳೆ ಎದ್ದು ಕಾಣ್ತಾವೆ.
ತಿರುಳು ಬಿಟ್ಟು ಸೀಳು. ಎರಡೂ ತುದಿಗೆ ಸೆಗಣಿ ಬಳಿದು
ನೆರಳಿಗಿಡು, ಒಂದು ಮಳೆಗಾಲ ದಾಟಲಿ.
ಜನ ನಮಗೆ ದುಡ್ಡು ಕೊಡೋದು
ಕಾಯೋದಕ್ಕೆ ಕಣೋ, ಕಡೆಯೋದಕ್ಕಲ್ಲ.

ಹುಬ್ಬಿನ ಗಾಯ ಕೇಳ್ತಿದ್ದೆಯಲ್ಲ.
ಬುರುಜನಹಟ್ಟಿಯಿಂದ ಹೊನ್ನೂರವ್ವ ಬಂದಿದ್ಳು,
ಕರೆಂಟಿನೋರು ಕಡಿದ ಮರದ ತುಂಡು ತಲೆ ಮ್ಯಾಲೆ ಹೊತ್ಕೊಂಡು.
ಯಾವ ಮರ ಅಂದೆ.
ನಮ್ಮ ಮನೆ ಮುಂದಿಂದು ಅಂದ್ಳು.
ಲಟ್ಟಣಿಗೆ ಆಗ್ಬೇಕಿತ್ತು ಅವಳಿಗೆ.
ಸೀಳು ನೋಡಿದೆ, ಬೇವು ಅಂದೆ, ಸುಮ್ಮನಾದೆ.
ಸೀಳಿನ ನಡುವೆ ಒಂದು ಕಡೆ ತೊಗಟೆ
ನಿದ್ದೆ ಬಂದ ಕಣ್ರೆಪ್ಪೆ ಹಂಗೆ ಸುಕ್ಕಾಗಿ ಕೂಡಿತ್ತು.
ಕಂಡೆ. ಓದಲಿಲ್ಲ.
ಚರಕಿ ಕಟ್ಟಿ ಬಿಟ್ಟ ಮ್ಯಾಲೆ
ಉಳಿ ಕಿಡಿ ಕಾರ್ತು, ತುದಿ ಮುರೀತು,
ಚೂರು ಹಾರಿ ಇಲ್ಲಿ ನಾಟ್ತು.

ಮರ ಮೊಳೆ ನುಂಗಿತ್ತು.
ಗೇಣುದ್ದ ಮೊಳೆ, ಮ್ಯಾಲೆ ಮೂವತ್ತು ಬಳೆ.
ಹೊನ್ನೂರವ್ವ ನನ್ನ ರಕ್ತ ನೋಡಲಿಲ್ಲ.
ಮೊಳೆ ಸೆರಗಿಗೆ ಒರೆಸ್ಕೊಂಡು ಅಂದ್ಳು:
ಇದಕ್ಕೇ ನಮ್ಮವ್ವ ಕಂದೀಲು ತೂಗಿ ಹಾಕ್ತಿದ್ದದ್ದು.
ಇದನ್ನೇ ನಾನು ಕಿತ್ತು ಮಾರಿದೆ ಅಂತ
ಬಾಸುಂಡೆ ಬರಂಗೆ ಹೊಡೆದಿದ್ಳು.

ಉಳಿದ ತುಂಡಲ್ಲಿ ಗಿಡ್ಡದೊಂದು ಲಟ್ಟಣಿಗೆ ಆಯ್ತು,
ಚೂರಲ್ಲಿ ಒಂದು ಬುಗುರಿ. ಅದೇ ಮೊಳೆ ಕತ್ತರಿಸಿ
ಬುಗುರಿಗೆ ಜಡಿದೆ. ಮೊಳೆ ಸೊಟ್ಟ.
ಬುಗುರಿ ಎರಡು ಸುತ್ತು ನಿಂತು
ಅಡ್ಡ ಉರುಳಿ ಮೋರಿ ಕಡೆ ಹೋಯ್ತು.
ಅವಳು ಓಡಿ ಹಿಡಿದ್ಳು, ಆ ವಯಸ್ಸಲ್ಲಿ.
ದುಡ್ಡು ಕೊಟ್ಟು, ಬುಗುರಿ ತಗೊಂಡು,
ಲಟ್ಟಣಿಗೆ ಮರೆತು ಹೋದ್ಳು.
ಅಗೋ, ಅಲ್ಲೇ ಐತೆ, ಕ್ಯಾಲೆಂಡರಿನ ಕೆಳಗೆ.

ಈಗ ಇದು. ಬೆಳಗ್ಗೆ ಬಂದದ್ದು.
ಅರ್ಧ ಸುಟ್ಟೈತೆ, ಅರ್ಧಕ್ಕೆ ರಸ್ತೆಯೋರ ಸುಣ್ಣ.
ನನಗೂ ಗೊತ್ತಿಲ್ಲ ಯಾವುದಂತ.
ಕೈ ಇಡು, ಹಿಂಗೆ, ಬೆರಳಲ್ಲ, ಅಂಗೈ.
ಹೆಸರು ನಿಧಾನಕ್ಕೆ ಹೇಳೀಯಂತೆ.
ಎಲ್ಲಿ ಮುಚ್ಚಿಕೊಂಡೈತೆ, ಅದು ಹೇಳು ಮೊದಲು.