ಅಗಲ

ಕ್ಲಾಕ್ಸ್‌ವಿಕ್ ಬಂದರಿನ ಮೇಲ್ಮಹಡಿ. ಬೆಳಗಿನ ಎರಡೂವರೆ.
ಜೂನ್ ತಿಂಗಳು, ಹಾಗಾಗಿ ಕತ್ತಲೆಯೆಂಬುದು ಹೆಸರಿಗಷ್ಟೆ.
ಕಿಟಕಿಯಾಚೆ ಮಂಜು, ಮಂಜಿನೊಳಗೆ ಎಲ್ಲೋ
ಕೆಮ್ಮುವ ಕುರಿ, ಬಲೆ ಸರಿಪಡಿಸುವವರ ಪಿಸುಮಾತು.

ನಾಲ್ಕಕ್ಕೆ ಅವರಿಗೆ ಸೆಳವಿನ ಪಟ್ಟಿ ಬೇಕು:
ಯಾವ ಎರಡು ದ್ವೀಪದ ಸಂದಿಯಲ್ಲಿ
ನೀರು ಎಷ್ಟೊತ್ತಿಗೆ ತಿರುಗುತ್ತದೆ, ಎಷ್ಟು ಜೋರಾಗಿ.
ನಮ್ಮ ಪ್ರೋಗ್ರಾಮು ಕೊಡುವುದು ನಾಲ್ಕೂ ಇಪ್ಪತ್ತಕ್ಕೆ.
ಹೋದ ಬೇಸಿಗೆಯಲ್ಲಿ ಮೂರೂವರೆಗೇ ಕೊಡುತ್ತಿತ್ತು.

ತಪ್ಪು ಹಾನುಸನದೆಂದು ನನಗೆ ಖಾತ್ರಿಯಿತ್ತು.
ಉಬ್ಬರವಿಳಿತದ ಲೆಕ್ಕ ಅವನದು, ನಾನೂರು ಸಾಲು,
ಸುರುಳಿಯೊಳಗೆ ಸುರುಳಿ, ಅದರೊಳಗೆ ಮತ್ತೊಂದು,
ಅವನಜ್ಜಿ ಹೆಣೆದ ಉಣ್ಣೆಯಂಗಿಯ ಹಾಗೆ
ಎಲ್ಲಿ ಹಿಡಿದೆಳೆದರೂ ಬಿಚ್ಚದು.
"ಹೊತ್ತನ್ನೆಲ್ಲ ತಿನ್ನುತ್ತಿರುವುದು ಇದೇ" ಅಂದೆ, ಎಲ್ಲರೆದುರು.
ಅವನು ಮಾತಾಡಲಿಲ್ಲ. ಎರಡು ವಾರ ಕೂತು
ಒಂದೊಂದೇ ಗುಣಾಕಾರವನ್ನು ಉಜ್ಜಿ ನುಣುಪು ಮಾಡಿದ.
ಉಳಿತಾಯ ಹನ್ನೊಂದು ಸೆಕೆಂಡು.

ಆಮೇಲೆ ಪ್ರೊಫೈಲರ್ ಹಚ್ಚಿದೆ.
ಜಾಣ ಉಪಕರಣವೇನಲ್ಲ ಅದು. ಹಟಮಾರಿ ಕೂಸು.
ಸೆಕೆಂಡಿಗೆ ನೂರು ಸಲ ಬಾಗಿಲು ಸರಿಸಿ ಇಣುಕುತ್ತದೆ:
ಈಗ ಯಾರು? ಈಗ ಯಾರು? ಈಗ?
ಯಾಕೆಂದು ಕೇಳುವುದಿಲ್ಲ. ಸಿಕ್ಕ ಹೆಸರಿನ ಮುಂದೆ
ಒಂದು ಗೀಟೆಳೆದು ಓಡುತ್ತದೆ, ಮರಳಿ ಬರುತ್ತದೆ.
ಮೊದಲ ಸಲ ಗೀಟೆಲ್ಲ ಕೂಡಿದರೆ ಇಪ್ಪತ್ನಾಲ್ಕೇ ನಿಮಿಷ.
ಗೋಡೆಯ ಗಡಿಯಾರ ಎಪ್ಪತ್ತೈದು ಅನ್ನುತ್ತಿತ್ತು.
ದುಡಿಯುವವರನ್ನಷ್ಟೇ ಅದು ಎಣಿಸಿತ್ತು,
ಕಾದು ಕೂತವರು ಕಣ್ಣಿಗೆ ಬಿದ್ದಿರಲಿಲ್ಲ.
ನಿನ್ನೆ ಒಂದು ಗುಂಡಿ ಒತ್ತಿ ಹೇಳಿದೆ:
ಕಾದ ಹೊತ್ತನ್ನೂ ಹಿಡಿ.

ಈಗ ಪರದೆಯ ತುಂಬ ಬೆಂಕಿಯ ಚಿತ್ರ.
ಒಬ್ಬರ ಹೆಗಲ ಮೇಲೊಬ್ಬರು ನಿಂತ ಫಂಕ್ಷನ್ನುಗಳು,
ಕೆಂಪು, ಕಿತ್ತಳೆ, ಮತ್ತೆ ಕೆಂಪು.
ಕಣ್ಣು ಮೊದಲು ಹೋಗುವುದು ಎತ್ತರದ ನಾಲಗೆಗಳಿಗೆ.
ಹಾನುಸನದು ಅಲ್ಲಿತ್ತು, ಸೂಜಿಯಷ್ಟು ತೆಳ್ಳಗೆ.
ನೂರಕ್ಕೆ ನಾಲ್ಕು.
ಎತ್ತರವೆಂದರೆ ಇಲ್ಲಿ ಯಾರು ಯಾರನ್ನು ಕರೆದರೆಂಬ
ವಂಶಾವಳಿ, ಅಷ್ಟೆ. ಸುಡುವುದು ಅಗಲ.

ಅಗಲವಾದದ್ದು ಒಂದೇ ಒಂದಿತ್ತು, ಕುಳ್ಳಗೆ,
ಕಾಲು ಚಾಚಿ ಮಲಗಿತ್ತು.
ನೂರಕ್ಕೆ ಅರವತ್ತೆಂಟು.
ಹೆಸರು ಓದುವ ಮೊದಲೇ, ಕುಂಬಳಕಾಯಿ ಕಳ್ಳನ ಹಾಗೆ,
ಕೈ ನನ್ನ ಹೆಗಲು ಮುಟ್ಟಿಕೊಂಡಿತು.

ಒಂದು ಸಾಲು. ನಾನೇ ಬರೆದದ್ದು. ಅಕ್ಟೋಬರ್ ಹತ್ತೊಂಬತ್ತು.
ಪ್ರತಿ ಬಿಂದುವಿನ ಪ್ರತಿ ನಿಮಿಷದ ಸೆಳವನ್ನೂ
ಡಿಸ್ಕಿಗೆ ಬರೆ, ಬರೆದಾಯಿತೇ ಎಂದು ಕಾದು ನೋಡು,
ಆಮೇಲೆ ಮುಂದಕ್ಕೆ ಹೋಗು.
ಮೂವತ್ತೊಂದು ಲಕ್ಷ ಸಲ.

ಅದರ ಹಿಂದಿನ ರಾತ್ರಿ ತೆರ್ನಾ ದೋಣಿ ಮರಳಿರಲಿಲ್ಲ.
ತ್ರೋಂಡುರ್, ನಮ್ಮ ಮೆಟ್ಟಿಲ ಮೇಲೆ ಕೂತು
ಒಣಗಿದ ಕುರಿಮಾಂಸವನ್ನು ಚಾಕುವಿನಿಂದ ಹೆರೆಯುತ್ತ
"ಏನನ್ನುತ್ತೆ ನಿನ್ನ ಪೆಟ್ಟಿಗೆ, ಬಾರ್ಬಾ?" ಅನ್ನುತ್ತಿದ್ದವನು.
ಲೆಕ್ಕ ತಪ್ಪಿತ್ತೋ, ಅವನೇ ತಡವಾಗಿ ಹೊರಟಿದ್ದನೋ,
ತಿಳಿಯಲು ಒಂದು ಗುರುತೂ ಉಳಿದಿರಲಿಲ್ಲ.
ಇನ್ನೊಮ್ಮೆ ಹಾಗಾಗಬಾರದೆಂದು ಆ ಸಾಲು.
ಚಳಿಗಾಲವಿಡೀ ಅದು ಬರೆಯಿತು.
ತೆರೆದು ಓದಿದವರು ಯಾರೂ ಇಲ್ಲ. ನಾನೂ.

ಹಾನುಸ್ ಕಾಫಿ ಹಿಡಿದು ಬಂದವನು ಬೆನ್ನ ಹಿಂದೆ ನಿಂತು ನೋಡಿದ.
ತನ್ನ ಸೂಜಿಯನ್ನಲ್ಲ. ತಾರೀಕನ್ನು.
"ಪೂರಾ ಅಳಿಸಬೇಡ" ಅಂದ. "ಬರೆಯಲಿ.
ಪ್ರತಿ ಸಲ ಕಾಯುವುದು ಬೇಡ, ಅಷ್ಟೆ.
ಕೊನೆಗೆ ಒಮ್ಮೆ ಕಾದರೆ ಸಾಕು."

ಮೂರೂ ಇಪ್ಪತ್ತೊಂಬತ್ತಕ್ಕೆ ಪಟ್ಟಿ ಬಂತು.
ಕೆಳಗೆ ಎಂಜಿನ್ನುಗಳು ಒಂದೊಂದಾಗಿ ದನಿ ಬದಲಿಸಿದವು.
ಆ ಎರಡು ವಾರಕ್ಕೆ ಅವನಲ್ಲಿ ಕ್ಷಮೆ ಕೇಳಬೇಕು.
ಕಾಫಿ ಆರುತ್ತಿದೆ. ಇನ್ನೂ ಕೇಳಿಲ್ಲ.