ಉಸಿರು ಕಳೆದ ಚಿತ್ರ

ಢೋಲು ನಿಲ್ಲುವುದು ರಾತ್ರಿ ಹತ್ತಕ್ಕೆ.
ಗಣಪತಿಗೆ ಇನ್ನೂ ಮೂರು ವಾರ; ಪಾಷಾಣದ ಕೆರೆಯಾಚೆ
ಬಯಲಲ್ಲಿ ಪಥಕದ ಹುಡುಗರ ತಾಲೀಮು.
ಗಾಳಿಯ ಮೇಲೆ ತೇಲುವ ಮೇಜು ನಮ್ಮದು, ಟನ್ನುಗಟ್ಟಲೆ ಉಕ್ಕು,
ಆದರೂ ಪ್ರತಿ ಪೆಟ್ಟಿಗೂ ಪರದೆಯಲ್ಲಿ ಒಂದು ಗೆರೆ.
ಹಾಗಾಗಿ ಕಾಯುತ್ತೇವೆ, ನಾನೂ ಶರ್ವರಿಯೂ,
ಕಾರಿಡಾರಿನಲ್ಲಿ ಫ್ಲಾಸ್ಕಿನ ಚಹಾ ಹೀರುತ್ತ.
ಒಳಗೆ ಏನೂ ಕುಡಿಯುವಂತಿಲ್ಲ.

ನಾನೂರ ಹದಿನೇಳು ಬಿಸಿ ಹಾಸಿನ ಮೇಲೆ ಮಲಗಿದೆ.
ಕಣ್ಣಿಗೆ ಮುಲಾಮು, ಮೂತಿಗೆ ಅರಿವಳಿಕೆಯ ಕೊಳವೆ,
ತಲೆಬುರುಡೆಯಲ್ಲೊಂದು ಗಾಜಿನ ಕಿಟಕಿ,
ಹೆಸರುಬೇಳೆಯಷ್ಟು ಅಗಲ.
ಅದರ ಮೇಲೆ ನೀರಿನ ಹನಿ, ಹನಿಗೆ ಮಸೂರ ತಾಗಿಸಿ
ದೀಪ ಆರಿಸುತ್ತೇನೆ.

ಪಕ್ಕದ ಕೋಣೆಯ ಹಳೆಯ ಕಾನ್‌ಫೋಕಲ್
ಬಲು ಮಡಿವಂತ. ಸೂಜಿಗಣ್ಣಿನ ಬಾಗಿಲಲ್ಲಿ ಕೂತು
ನೆಟ್ಟಗೆ ಬಂದ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ.
ಮೇಲ್ಮೈಗೆ ಅದು ಸಾಕು. ಆಳದಿಂದ ಹೊರಟದ್ದು
ಎಲ್ಲಿ ನೆಟ್ಟಗೆ ಬಂದೀತು?

ಇದಕ್ಕೆ ಬಾಗಿಲೇ ಇಲ್ಲ.
ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು; ಒಂದೊಂದು ಕಣವೂ ಅರೆಬಲದ್ದು.
ಒಂದೇ ಬಂದರೆ ಅಣು ತಲೆಯೆತ್ತಿಯೂ ನೋಡುವುದಿಲ್ಲ.
ಎರಡು, ಅದೇ ಗಳಿಗೆಯ ಅದೇ ಚೂರಿನಲ್ಲಿ
ಒಟ್ಟಿಗೆ ಬಂದು ಬಡಿಯಬೇಕು.
ಆಗ ಹಸಿರು. ಆ ಚುಕ್ಕೆಯೊಂದರಲ್ಲೇ,
ಮೇಲಿಲ್ಲ, ಕೆಳಗಿಲ್ಲ.
ಆದ್ದರಿಂದ ಸುತ್ತಿ ಬಳಸಿ, ಹಾಲಿನಂಥ ಕತ್ತಲಲ್ಲಿ ದಾರಿ ತಪ್ಪಿ
ಹೇಗೋ ಹೊರಬಿದ್ದ ಬೆಳಕೂ ಲೆಕ್ಕಕ್ಕೆ ಬರುತ್ತದೆ.

ಅರ್ಧ ಮಿಲಿಮೀಟರು ಕೆಳಗೆ.
"ಬಘ," ಎನ್ನುತ್ತಾಳೆ ಶರ್ವರಿ.
ಮೈಕ್ರೋಗ್ಲಿಯಾ ಒಂದು ಸಣ್ಣ ಬೆರಳು ಚಾಚಿ
ನೆರೆಯ ನರವನ್ನು ಮುಟ್ಟುತ್ತಿದೆ, ಬಿಡುತ್ತಿದೆ, ಮತ್ತೆ ಮುಟ್ಟುತ್ತಿದೆ,
ಕರೆಂಟು ಹೋದಾಗ ಕಡ್ಡಿಪೆಟ್ಟಿಗೆ ತಡಕುವ ಕೈಯ ಹಾಗೆ.
ಕೊಯ್ದು ಬಣ್ಣ ಹಾಕಿಟ್ಟ ಗಾಜುಪಟ್ಟಿಯಲ್ಲ ಇದು.
ಈಗ ನಡೆಯುತ್ತಿರುವುದು.

ಆದರೆ ಚಿತ್ರ ನಡುಗುತ್ತದೆ.
ಢೋಲಲ್ಲ. ಬೈಪಾಸಿನ ಲಾರಿಯೂ ಅಲ್ಲ.
ಇಲಿ ಉಸಿರಾಡುತ್ತಿದೆ, ಅಷ್ಟೆ.

ಅದಕ್ಕೂ ಉಪಾಯವಿದೆ. ಬೆಳಿಗ್ಗೆ ಕಂಪ್ಯೂಟರಿಗೆ ಕೊಟ್ಟರೆ
ಚೌಕಟ್ಟಿಗೆ ಚೌಕಟ್ಟು ಹೊಂದಿಸಿ ನಡುಕವನ್ನೆಲ್ಲ ಕಳೆದುಬಿಡುತ್ತದೆ.
ಶರ್ವರಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ: ಶ್ವಾಸ, ವಜಾ.
ಅವಳ ಮರಾಠಿಯಲ್ಲಿ ಅದು ಬರೀ ಕಳೆಯುವ ಲೆಕ್ಕ.
ನನ್ನ ಕನ್ನಡದ ಕಿವಿಗೆ
ಯಾರದೋ ಕೆಲಸ ಹೋದ ಹಾಗೆ ಕೇಳುತ್ತದೆ.

ಅಚ್ಚಿಗೆ ಹೋಗುವುದು ಅಲುಗದ ಆ ಚಿತ್ರವೇ.
ಅದೇ ಸರಿ, ಅಳೆಯಲು ಬರುವುದೂ ಅದೇ.
ಕಚ್ಚಾ ಕಡತ ನಾನೂರು ಜಿಬಿ; ಅಳಿಸಿ ಎಂದು
ತಿಂಗಳಿಗೊಮ್ಮೆ ಮೇಲಿನವರ ಪತ್ರ.
ಬೇರೆ ಯಾವುದನ್ನೋ ಅಳಿಸಿ ಜಾಗ ಮಾಡಿಕೊಡುತ್ತೇನೆ,
ಇದರ ಬಗ್ಗೆ ಉಸಿರೆತ್ತುವುದಿಲ್ಲ.

ಮೂರೂವರೆಗೆ ಅರಿವಳಿಕೆ ನಿಲ್ಲಿಸಿದೆ.
ಮೊದಲು ಮೀಸೆ ಮಿಸುಕಿತು.
ಆಮೇಲೆ ನಾನೂರ ಹದಿನೇಳು ತೂರಾಡುತ್ತ ಎದ್ದು
ಮರದ ಹೊಟ್ಟಿನೊಳಗೆ ಮೂಗು ತೂರಿಸಿ, ಸೀನಿ,
ತಲೆಯ ಮೇಲಿನ ಕಿಟಕಿಯನ್ನು
ಹಿಂಗಾಲಿನಿಂದ ಕೆರೆದುಕೊಳ್ಳಲು ನೋಡಿತು.