ಇಪ್ಪತ್ತೆರಡು ನಿಮಿಷ

ಜೂನ್ ಬಂತೆಂದರೆ ನನಗೆ ಕೋರ್ಸು ಕಟ್ಟುವ ಕೆಲಸ.
ಮುಲುಂಡಿನ ಕಾಲೇಜು, ಎರಡನೇ ಮಾಳಿಗೆ,
ಝೆರಾಕ್ಸ್ ಯಂತ್ರದ ಬೆನ್ನಿಗೆ ನನ್ನ ಮೇಜು.
ಹೋದ ವರ್ಷದ್ದನ್ನು ತೆರೆದು, ನಕಲು ಒತ್ತಿ,
ಹಳೇ ಜಮಖಾನದ ಹಾಗೆ ಕೊಡವುತ್ತೇನೆ:
ಉದುರುತ್ತವೆ ಮುಗಿದ ತಾರೀಖುಗಳು,
ಅಡ್ಡ ಮಲಗಿದ ಸ್ಕ್ಯಾನ್ ಪುಟಗಳು,
ಯಾರೂ ಏನೂ ತುಂಬದ ‘ಏಳನೇ ವಾರ’.

ಪ್ರತಿ ಪಾಠದ ಪಕ್ಕ ಒಂದು ಪುಟ್ಟ ಕಣ್ಣು.
ತೆರೆದಿದ್ದರೆ ಮಕ್ಕಳಿಗೆ ಕಾಣುತ್ತದೆ,
ಮುಚ್ಚಿದ್ದರೆ ನನಗೂ ಕರ್ಕೇರ ಮೇಡಮ್ಮಿಗೂ ಮಾತ್ರ.
ಸೋಮವಾರಕ್ಕೊಂದು ಕಣ್ಣು ಎಬ್ಬಿಸುತ್ತೇನೆ.
ಅಂಕಗಳು ಕೂಡಿದರೆ ನೂರಾಗಬೇಕು,
ಮೊದಲ ಸಲ ಯಾವಾಗಲೂ ನೂರಾ ಹತ್ತು.

ಆ ವರ್ಷ ಕೆಲಸಕ್ಕೆ ಹೋಗುವವರ ಬ್ಯಾಚು.
ಮಂಗಳವಾರ ಮಂಗಳವಾರ ವೆಚ್ಚಲೆಕ್ಕದ ಕ್ವಿಜ್ಜು.
ಇಪ್ಪತ್ತು ಪ್ರಶ್ನೆ, ಇಪ್ಪತ್ತು ನಿಮಿಷ,
ಪುಟಕ್ಕೊಂದು, ಹಿಂದೆ ಹೋಗುವ ಹಾಗಿಲ್ಲ.
ಮೇಡಮ್ಮು ಬಂದು ನನ್ನ ಮೇಜಿನ ಮೇಲೆ ಕನ್ನಡಕ ಇಟ್ಟರು.
“ಈ ವನಿತಾ ಭೋಯಿರ್ ನೋಡು ಮಾರಾಯ್ತಿ,
ಪ್ರತಿ ವಾರ ನಡುವೆ ಎರಡು ನಿಮಿಷ ಮಾಯ.
ತಿರುಗಿ ಬಂದಳೋ, ಎಲ್ಲಾ ಸರಿಯುತ್ತರ.
ಯಾರನ್ನೋ ಕೇಳುತ್ತಾಳೆ. ದಾಖಲೆ ತೆಗೆದು ಕೊಡು.”

ತೆಗೆದೆ.
ಏಳು ನಲವತ್ತೊಂದಕ್ಕೆ ಹನ್ನೊಂದನೆಯ ಉತ್ತರ,
ಏಳು ನಲವತ್ಮೂರಕ್ಕೆ ಹನ್ನೆರಡನೆಯದು.
ಮುಂದಿನ ವಾರವೂ ನಲವತ್ತೊಂದು, ನಲವತ್ಮೂರು.
ಕದಿಯುವವರಿಗೆ ಇಷ್ಟು ಶಿಸ್ತು ಇರುತ್ತದೆಯೆ?
ಮೇಡಮ್ಮು ನೋಡದ್ದು ಇನ್ನೊಂದು:
ಕೊನೆಯ ಎರಡು ಪ್ರಶ್ನೆ ಎಂದೂ ಖಾಲಿ.
ಒಂದು ಮಂಗಳವಾರ ಮಾತ್ರ ಎಲ್ಲವೂ ಹನ್ನೊಂದು ನಿಮಿಷ ತಡ.
ಅವತ್ತು ನಾನೂ ತಡ. ಮಸ್ಟರಿನಲ್ಲಿ ಕೆಂಪು ಗೆರೆ ಇದೆ.
ದಿವಾದ ಫಾಟಕ ಮುಚ್ಚಿರಲಿಲ್ಲ.

ಮರುದಿನ ಡೊಂಬಿವಲಿಯಲ್ಲಿ ಹತ್ತಿ
ಫೋನು ಕೈಯಲ್ಲೇ ಹಿಡಿದು ನಿಂತೆ.
ಫಾಸ್ಟ್ ಗಾಡಿ ಆಗಿನ್ನೂ ಪಾರ್ಸಿಕ್ ಸುರಂಗದೊಳಗೇ ಹೋಗುತ್ತಿತ್ತು.
ಕಿಟಕಿ ಕಪ್ಪಾಯಿತು.
ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು.
ಲೇಡೀಸ್ ಡಬ್ಬಿಯ ಅಷ್ಟೂ ಹೆಂಗಸರು
ಫೋನು ಇಳಿಸಿ ಒಬ್ಬರ ಮುಖ ಒಬ್ಬರು ನೋಡಿದರು.
ಯಾರೋ ಕೂದಲಿಗೆ ಕ್ಲಿಪ್ಪು ಹಾಕಿದಳು, ಯಾರೋ ಸೀನಿದಳು.
ವನಿತಾ ಇಲ್ಲೇ ಎಲ್ಲೋ, ಮೇಲಿನ ಹಿಡಿಗೆ ಒಂದು ಕೈ ಕೊಟ್ಟು
ಹನ್ನೆರಡನೆಯ ಪ್ರಶ್ನೆಗೆ ಕಾಯುತ್ತಿರುತ್ತಾಳೆ
ಮಂಗಳವಾರವಾದರೆ.
ಗಡಿಯಾರ ಮಾತ್ರ ಸರ್ವರಿನಲ್ಲಿ ಕೂತು ಓಡುತ್ತಿರುತ್ತದೆ.
ಅದಕ್ಕೆಲ್ಲಿಯ ಬೆಟ್ಟ!

ಹೇಳಿದೆ. ಮೇಡಮ್ಮು “ಸುರಂಗವಾ?” ಅಂದರು.
ಮೂವತ್ತು ವರ್ಷದಿಂದ ಕಾಲೇಜಿನ ಹಿಂದಿನ ಗಲ್ಲಿಯಲ್ಲೇ ಅವರ ಮನೆ.
ಒಬ್ಬರಿಗೇ ಹೆಚ್ಚು ಸಮಯ ಕೊಡಲು ಜಾಗವೇನೋ ಉಂಟು,
ಅದಕ್ಕೆ ಡಾಕ್ಟರ ಚೀಟಿ ಲಗತ್ತಿಸಬೇಕು.
ಬೆಟ್ಟಕ್ಕೆ ಚೀಟಿ ಬರೆಯುವ ಡಾಕ್ಟರು ಯಾರಿದ್ದಾರೆ?
ಕನ್ನಡಕ ಒರೆಸುತ್ತ, ನನ್ನ ಕಡೆ ನೋಡದೆ,
“ಎಲ್ಲರಿಗೂ ಇಪ್ಪತ್ತೆರಡು ಮಾಡಿಬಿಡು” ಅಂದರು.

ಆ ವಾರ ವನಿತಾಗೆ ಹತ್ತೊಂಬತ್ತು.
ಹದಿನಾರನೆಯದು ತಪ್ಪು:
ಸ್ಥಿರ ವೆಚ್ಚ ಯಾವುದು, ಬದಲಾಗುವುದು ಯಾವುದು.

ಈಗ ಹೊಸ ಹಳಿ ಬಂದಿದೆ. ಫಾಸ್ಟ್ ಗಾಡಿ ಸುರಂಗಕ್ಕೆ ಹೋಗುವುದಿಲ್ಲ.
ಮೇಡಮ್ಮು ನಿವೃತ್ತರು. ವನಿತಾ ಪಾಸಾಗಿ ಹೋದಳು,
ನಕಲು ಒತ್ತಿದರೆ ಕೋರ್ಸು ಬರುತ್ತದೆ, ಮಕ್ಕಳು ಬರುವುದಿಲ್ಲ.
ಮೊನ್ನೆ ಹೊಸ ಮೇಷ್ಟ್ರು ಅಮೇಯ ಪರದೆಗೆ ಬಗ್ಗಿ ಕೇಳಿದರು,
“ಇದ್ಯಾವ ಲೆಕ್ಕ, ಇಪ್ಪತ್ತೆರಡು?”
“ಮೊದಲಿಂದ ಹಾಗೇ ಇದೆ ಸರ್” ಅಂದೆ.
ಅವರು ಇಪ್ಪತ್ತು ಮಾಡಿ, ಉಳಿಸಿ, ಚಹಾಕ್ಕೆ ಇಳಿದರು.
ನಾನು ಮತ್ತೆ ಇಪ್ಪತ್ತೆರಡು ಮಾಡಿ
ಎಂಟನೇ ವಾರದ ಕಣ್ಣು ತೆರೆದೆ.